ಗುರುವಾರ ಮೂರು ಗಂಟೆ

ಜೂನ್ 3, ಸೋಮವಾರ

ದಿನಚರಿ ಬರೆಯಬೇಕಂತೆ, ಕೃತಜ್ಞತೆಗೆ ಒಂದು ಕಾರಣವನ್ನೂ ಸೇರಿಸಿ. ತರಬೇತಿಯ ಮೊದಲ ನಿಯಮ. ಯಾರೂ ಓದುವುದಿಲ್ಲ, ಅಂಕವಿಲ್ಲ, ಕೆಂಪು ಶಾಯಿ ಇಲ್ಲ. ಇಪ್ಪತ್ತೆರಡು ವರ್ಷ ಬೇರೆಯವರು ಬರೆದುಕೊಟ್ಟದ್ದರ ಮೇಲೆ ಕೆಂಪು ಗೆರೆ ಎಳೆದವಳಿಗೆ ತಕ್ಕ ಶಿಕ್ಷೆ.

ಗಾಜಿನ ಬಾಟಲಿ ಕಾರ್ಖಾನೆಯ ರಜೆ ವಿಭಾಗ ಎಂದರೆ ನಾನು, ಒಂದು ಮೇಜು, ಒಂದು ಮೊಹರು. ಹೋದ ತಿಂಗಳು ಅದರಲ್ಲಿ ಎರಡನ್ನು ಗುಜರಿಗೆ ಹಾಕಿದರು. ಇನ್ನು ಮುಂದೆ ರಜೆಯನ್ನು ಮೊಬೈಲಿನಲ್ಲೇ ಕೇಳುವುದು, ಮೊಬೈಲೇ ಕೊಡುವುದು. ಉಳಿದ ನನ್ನನ್ನು ಸಿಬ್ಬಂದಿ ವಿಭಾಗದ ಮ್ಯಾನೇಜರು ಕರೆದು ಎರಡು ದಾರಿ ತೋರಿಸಿದರು. ಒಂದು, ಅವಧಿಗೆ ಮೊದಲೇ ನಿವೃತ್ತಿ. ಇನ್ನೊಂದು, ಆಪ್ತಸಮಾಲೋಚನೆಯ ತರಬೇತಿ. ಕೆಲಸದವರ ಮನಸ್ಸಿನ ಭಾರ ಕೇಳಿಸಿಕೊಳ್ಳಲು ಕಾರ್ಖಾನೆಯೊಳಗೇ ಒಬ್ಬರು ಇರಬೇಕೆಂದು ಮೇಲಿನವರಿಗೆ ಹೊಳೆದಿದೆ.

"ನಿಮಗೆ ಎಲ್ಲರ ಕಷ್ಟಾನೂ ಗೊತ್ತಲ್ಲ ಮೇಡಂ," ಅಂದರು.

"ಕಷ್ಟ ಗೊತ್ತಿಲ್ಲ ಸಾರ್, ಕಾರಣ ಗೊತ್ತು," ಅಂದೆ. ಒಬ್ಬನ ಅಜ್ಜಿ ನನ್ನ ಮೇಜಿನ ಮೇಲೆ ನಾಲ್ಕು ಸಲ ತೀರಿಕೊಂಡಿದ್ದಾರೆ.

ನಾಲ್ಕು ತಿಂಗಳ ತರಬೇತಿ, ನಲವತ್ತು ಗಂಟೆ ಅಭ್ಯಾಸ, ಕೊನೆಗೆ ಮೂವರ ಸಮಿತಿ. ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ನಲವತ್ತಾರನೇ ವಯಸ್ಸಿನಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಕ್ಲಾಸಿಗೆ ಹೋದೆ. ಬೆಂಚು ಸಣ್ಣದು, ನಾನು ದೊಡ್ಡವಳು. ಆದರೂ ಕೂರಲು ಇನ್ನೊಂದು ಜಾಗ ಅಂತ ಯಾರೋ ಕೊಟ್ಟರಲ್ಲ. ಕೃತಜ್ಞತೆಯ ಲೆಕ್ಕದಲ್ಲಿ ಇಂದಿನದು ಇದೊಂದೇ. ಉಳಿದದ್ದು ಸೊಂಟನೋವು.

ರಜೆ ಕೊಟ್ಟರೆ ತಾಯಿ, ಕೊಡದಿದ್ದರೆ ನಾಯಿ;
ಇಪ್ಪತ್ತೆರಡು ವರ್ಷ ಇದನ್ನೇ ಹಾಡಿತು ಊರ ಬಾಯಿ.

ಜೂನ್ 6, ಗುರುವಾರ

ನಮಗೆ ಕಲಿಸುವವರು ಅರವತ್ತು ದಾಟಿದ ಹೆಂಗಸು. ಹಿಂದೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರಂತೆ. ಯಾರು ಏನು ಹೇಳಿದರೂ "ಹ್ಞೂಂ" ಅನ್ನುತ್ತಾರೆ. ಕಿವಿಗೊಟ್ಟರೆ ಅದರಲ್ಲಿ ಏಳೆಂಟು ಬಗೆ. ಮುಂದುವರಿಸಿ ಎಂಬ ಹ್ಞೂಂ, ನಿಜವಾ ಎಂಬ ಹ್ಞೂಂ, ನಿಮ್ಮ ತಲೆ ಎಂಬ ಹ್ಞೂಂ. ಹ್ಞೂಂ ಮೇಡಂ ಅಂತ ಹೆಸರಿಟ್ಟೆ. ಅರ್ಧ ಗಂಟೆಯಲ್ಲಿ ಇಡೀ ಕ್ಲಾಸಿಗೆ ಹಬ್ಬಿತು.

ಇಂದು ಜೋಡಿ ಅಭ್ಯಾಸ. ನನ್ನ ಜೊತೆಗೆ ನಿವೃತ್ತ ಪೊಲೀಸ್ ಪೇದೆಯೊಬ್ಬರು. ಅವರು ಮೇಲಧಿಕಾರಿಯ ಕಾಟ ತಾಳಲಾರದ ಗುಮಾಸ್ತ, ನಾನು ಸಮಾಲೋಚಕಿ. ಎರಡು ನಿಮಿಷದಲ್ಲಿ ನಾಲ್ಕು ಸಲಹೆ, ಒಂದು ಗಾದೆ, ಒಂದು ದೂರು ಅರ್ಜಿಯ ಒಕ್ಕಣೆ ಕೊಟ್ಟೆ. ಪಾಪ, ಅವರ ಗುಮಾಸ್ತ ಇನ್ನೂ ಹೆಸರು ಹೇಳಿ ಮುಗಿಸಿರಲಿಲ್ಲ.

"ಅವರ ಸಮಸ್ಯೆ ಏನು ಅಂತ ಕೇಳಿಸ್ಕೊಂಡ್ರಾ?" ಹ್ಞೂಂ ಮೇಡಂ ಕೇಳಿದರು.

"ಹೇಳೋದಕ್ಕೆ ಮುಂಚೇನೇ ಗೊತ್ತಾಯ್ತು ಮೇಡಂ."

"ಹ್ಞೂಂ." ಇದು ಮೂರನೇ ಬಗೆಯದು.

ಆಮೇಲೆ ಪಾತ್ರ ಅದಲುಬದಲು. ಪೇದೆ ಅಣ್ಣ ಮುಂದಕ್ಕೆ ಬಾಗಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಆ ದಿನ ಸಾಯಂಕಾಲ ಆರರಿಂದ ಎಂಟರವರೆಗೆ ಎಲ್ಲಿದ್ರಿ?" ಅಂದರು. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದೊಂದು ಬಾಕಿ.

ನನಗಿಂತ ಕಡೆಯವರೂ ಒಬ್ಬರಿದ್ದಾರೆ. ಅದಕ್ಕೂ ಕೃತಜ್ಞಳು.

ಜೂನ್ 21, ಶುಕ್ರವಾರ

ಮನೆಪಾಠ: ಮನೆಯವರಲ್ಲಿ ಯಾರೊಬ್ಬರ ಎದುರಾದರೂ ಕೂತು ಮೂರು ನಿಮಿಷ ಮಾತಾಡದೆ ಇರುವುದು. ಮೊದಲೇ ಹೇಳಿಬಿಟ್ಟರೆ ಅದು ಅಭ್ಯಾಸವಲ್ಲವಂತೆ.

ಯಜಮಾನರು ಸಂಜೆ ಅಂಗಡಿಯಿಂದ ಬಂದರು. ಸುಟ್ಟುಹೋದ ಮೋಟರುಗಳಿಗೆ ತಂತಿ ಸುತ್ತುವುದು ಅವರ ಕಸುಬು, ಮೈಯೆಲ್ಲ ವಾರ್ನಿಷ್ ವಾಸನೆ. ಟೀ ಕೊಟ್ಟು ಎದುರು ಕೂತೆ.

ಒಂದನೇ ನಿಮಿಷ: "ಏನಾಯ್ತೇ? ಅಮ್ಮ ಏನಾದ್ರೂ ಅಂದ್ರಾ?"

ಎರಡನೇ ನಿಮಿಷ: "ನೋಡು, ಸಿಟ್ಟಿದ್ರೆ ಹೇಳ್ಬಿಡು."

ಮೂರನೇ ನಿಮಿಷಕ್ಕೆ ಟೀ ಲೋಟ ಕೆಳಗಿಟ್ಟು, "ಸರಿ, ಮಿಕ್ಸಿ ತಾನಾಗೇ ಸುಟ್ಟಿದ್ದಲ್ಲ. ನಾನೇ ಬಿಚ್ಚಿ ಏನೋ ಮಾಡೋಕೆ ಹೋದೆ. ನಿನಗೆ ಯಾರು ಹೇಳಿದ್ರು?" ಅಂದರು.

ಒಳಗಿನಿಂದ ಅತ್ತೆಯ ದನಿ: "ಇವಳು ಸುಮ್ಮನಿದ್ರೆ ನನಗೇ ಎದೆ ಹೊಡ್ಕೊಳತ್ತೆ ಕಣೋ. ಮೊದಲು ಅವಳನ್ನ ಮಾತಾಡ್ಸು."

ಆರು ತಿಂಗಳಿಂದ ಹೊಸ ಮಿಕ್ಸಿ ಕಂಪನಿಯನ್ನು ಬೈಯುತ್ತಿದ್ದೆ. ಮೂರು ನಿಮಿಷದ ಮೌನಕ್ಕೆ ಇಷ್ಟು ಇಳುವರಿ.

ಬಾಯಿಗೆ ಬೀಗ, ಕಿವಿಗೆ ಜಾಗ;
ಕಲಿಯಬೇಕಾದ್ದು ಇಷ್ಟೇ, ಕಲಿಯುವುದು ಯಾವಾಗ?

ಜುಲೈ 4, ಗುರುವಾರ

ಇಂದಿನಿಂದ ಕಾರ್ಖಾನೆಯಲ್ಲೇ ಅಭ್ಯಾಸ. ನನಗೊಂದು ಕೋಣೆ ಸಿಕ್ಕಿತು. ಪ್ರಥಮ ಚಿಕಿತ್ಸೆ ಕೋಣೆಯ ಪಕ್ಕ, ಹಿಂದೆ ಸಮವಸ್ತ್ರ ಇಡುತ್ತಿದ್ದ ಉಗ್ರಾಣ. ಎರಡು ಕುರ್ಚಿ, ಒಂದು ಗಡಿಯಾರ, ಒಂದು ಕಿಟಕಿ. ಕಿಟಕಿಯಲ್ಲಿ ಒಡೆದ ಗಾಜಿನ ಗುಡ್ಡ ಕಾಣುತ್ತದೆ. ಕರಗಿಸಿ ಮತ್ತೆ ಬಾಟಲಿ ಮಾಡಲು ರಾಶಿ ಹಾಕಿದ್ದು. ಮಧ್ಯಾಹ್ನ ಬಿಸಿಲು ಬಿದ್ದಾಗ ಕಣ್ಣು ಕುಕ್ಕುತ್ತದೆ. ಪರದೆ ಕೇಳಬೇಕು.

ಹ್ಞೂಂ ಮೇಡಂ ಬಂದು ಕೋಣೆ ನೋಡಿದರು. ಕುರ್ಚಿಗಳನ್ನು ಎದುರುಬದುರಿನಿಂದ ಓರೆಗೆ ತಿರುಗಿಸಿದರು. ನಿಯಮಗಳನ್ನು ಮತ್ತೆ ಹೇಳಿದರು. ಒಳಗೆ ಕೇಳಿದ್ದು ಹೊರಗೆ ಹೋಗಬಾರದು. ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಬೇರೆ ಮಾತು. ಬಂದವರು ಬಂದಿದ್ದರು ಎನ್ನುವುದೂ ಹೊರಗೆ ಹೋಗಬಾರದು. ಹೊರಗೆ ಎಲ್ಲಾದರೂ ಸಿಕ್ಕರೆ ಅವರಾಗಿ ನಕ್ಕರೆ ನಗಬೇಕು, ಅವರಾಗಿ ಮಾತಾಡಿದರೆ ಮಾತಾಡಬೇಕು. ನಾವಾಗಿ ಗುರುತು ತೋರಿಸುವ ಹಾಗಿಲ್ಲ.

"ಇಪ್ಪತ್ತೆರಡು ವರ್ಷ ಎಲ್ಲರನ್ನೂ ಮಾತಾಡಿಸಿ ಅಭ್ಯಾಸ ಮೇಡಂ," ಅಂದೆ.

"ಹ್ಞೂಂ," ಅಂದರು. ಹೊಸ ಬಗೆ. ಪಟ್ಟಿಗೆ ಸೇರಿಸಿದೆ.

ಬಂದವರು: ಇಬ್ಬರು. ಒಬ್ಬ ಸಮವಸ್ತ್ರ ಕೇಳಿಕೊಂಡು, ಒಬ್ಬ ರಜೆ ಕೇಳಿಕೊಂಡು.

ಜುಲೈ 11, ಗುರುವಾರ

ಮೂರು ಗಂಟೆಗೆ ನಿಜವಾದ ಮೊದಲ ವ್ಯಕ್ತಿ ಬಂದರು. ಬಾಗಿಲು ಮುಚ್ಚಿ ಕೂತ ಮೇಲೆ ನೋಡುತ್ತೇನೆ, ಗುಡುಗು.

ಪ್ಯಾಕಿಂಗ್ ಹಾಲಿನ ಶಿಫ್ಟ್ ಮುಖ್ಯಸ್ಥರು. ಕೆಲಸದವರು ಇಟ್ಟ ಹೆಸರು ಅದು. ಬಾಟಲಿಗಳು ಬೆಲ್ಟಿನ ಮೇಲೆ ಕಿಣಿಕಿಣಿ ಅನ್ನುವಾಗ ಅವರ ದನಿಯೊಂದೇ ಆ ತುದಿಗೂ ಈ ತುದಿಗೂ ಕೇಳುತ್ತದೆ. ಹದಿನಾರು ವರ್ಷದಲ್ಲಿ ರಜೆ ಹಾಕಿದ್ದು ಬೆರಳೆಣಿಕೆ. ಅವರ ಕಡತ ನನ್ನ ಅತಿ ತೆಳ್ಳನೆಯ ಕಡತ.

ಇಂದು ದನಿಯೇ ಇರಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತು, ಟೊಪ್ಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ ಹೇಳಿದರು. ಮಾರ್ಚಿನಲ್ಲಿ ಒಂದು ದಿನ ಶಿಫ್ಟ್ ಶುರುವಾಗುವಾಗ, ಎಲ್ಲರೆದುರು, ಮೈಕಿನಲ್ಲಿ, ಹೊಸದಾಗಿ ಸೇರಿದ್ದ ಪ್ಯಾಕಿಂಗ್ ಹುಡುಗಿಯನ್ನು ಬೈದರಂತೆ. ಪೆಟ್ಟಿಗೆಯ ಲೇಬಲ್ ತಲೆಕೆಳಗಾಗಿ ಅಂಟಿಸಿದ್ದಳು, ಅಷ್ಟೆ. ಹಾಲ್ ಪೂರಾ ನಕ್ಕಿತು. ಮಾರನೆಯ ದಿನ ಅವಳು ಬರಲಿಲ್ಲ. ಅವಳ ಅಪ್ಪ ಬಂದು ಗುರುತಿನ ಚೀಟಿ ಗೇಟಿನಲ್ಲಿ ಕೊಟ್ಟು ಹೋದರು.

"ಅವರು ಜಗಳ ಆಡಿದ್ರೆ ಆಗ್ತಿತ್ತು ಮೇಡಂ. ಕೈ ಮುಗಿದು ಹೋದ್ರು."

ಅಂದಿನಿಂದ ಮೈಕ್ ಹಿಡಿದರೆ ಗಂಟಲು ಕಟ್ಟುತ್ತದೆ. ನೆಗಡಿ ಅಂತ ನಾಲ್ಕು ತಿಂಗಳು ತಳ್ಳಿದ್ದಾರೆ. ಮನೆಯಲ್ಲಿ ಹೇಳಿಲ್ಲ. ಹಾಲಿನಲ್ಲಿ ಗೊತ್ತಾದರೆ ಮುಗಿಯಿತು, ನಾಳೆಯಿಂದ ಯಾರೂ ಮಾತು ಕೇಳುವುದಿಲ್ಲ.

"ನಾನಿಲ್ಲಿಗೆ ಬಂದಿದ್ದು ಒಬ್ಬರಿಗೂ ಗೊತ್ತಾಗ್ಬಾರ್ದು."

"ಈ ಗೋಡೆಗೂ ಹೇಳಲ್ಲ," ಅಂದೆ.

ನಡುವೆ ಮೂರು ಸಲ ಬಾಯಿ ಹಾಕಿದೆ, ಎರಡು ಸಲ ತಡೆದುಕೊಂಡೆ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದ್ದು ಲೆಕ್ಕಕ್ಕೆ ಬರಬಾರದು. ಮುಂದಿನ ಗುರುವಾರ ಇದೇ ಹೊತ್ತಿಗೆ ಬರುತ್ತಾರೆ.

ಗುಡುಗಿನ ಗಂಟಲಲ್ಲಿ ಮುಳ್ಳು;
ಊರು ಹೇಳುವ ಧೈರ್ಯ ಬರೀ ಸುಳ್ಳು.

ಜುಲೈ 18, ಗುರುವಾರ

ಇಂದು ನಾನೊಂದು ಒಳ್ಳೆಯ ಕೆಲಸ ಮಾಡಿದೆ.

ಗುಡುಗು ಬಂದು, "ನಾಲ್ಕು ದಿನ ಆ ಮೈಕಿನ ಮುಂದೆ ನಿಲ್ಲದಿದ್ರೆ ಸ್ವಲ್ಪ ಉಸಿರು ಬರತ್ತೆ ಅನ್ಸತ್ತೆ," ಅಂದರು. ರಜೆ ಹಾಕಲು ಮೊಬೈಲು ತೆಗೆದು ಕಾರಣದ ಜಾಗದಲ್ಲಿ "ಸ್ವಂತ ಕೆಲಸ" ಎಂದು ಒತ್ತಿದರು. ನನ್ನ ಕಣ್ಣಿಗೆ ಅದು ಬಿದ್ದಿತು. ಸ್ವಂತ ಕೆಲಸ ಅಂತ ಬರೆದ ಒಂದು ಅರ್ಜಿಯೂ ಇಪ್ಪತ್ತೆರಡು ವರ್ಷದಲ್ಲಿ ನನ್ನ ಮೇಜು ದಾಟಿಲ್ಲ. "ಕಾರಣ ಸ್ಪಷ್ಟವಾಗಿ ಬರೆಯಿರಿ" ಎಂದು ಅಡ್ಡಗೆರೆ ಎಳೆದು ವಾಪಸ್ ಕಳಿಸಿದ್ದೇನೆ, ಸಾವಿರಗಟ್ಟಲೆ.

"ಕೊಡಿ ಇಲ್ಲಿ," ಅಂದೆ. ಅವರ ಮೊಬೈಲು ತೆಗೆದುಕೊಂಡು ಬರೆದೆ: ಆಪ್ತಸಮಾಲೋಚಕಿಯ ಸಲಹೆಯಂತೆ ಮನಸ್ಸಿನ ವಿಶ್ರಾಂತಿಗಾಗಿ.

"ಅಷ್ಟೆಲ್ಲ ಬೇಕಾ ಮೇಡಂ?"

"ಕಾರಣ ಸ್ಪಷ್ಟ ಇದ್ರೆ ಯಾರೂ ವಾಪಸ್ ಕಳಿಸಲ್ಲ. ನಾನು ಹೇಳ್ತೀನಲ್ಲ. ಮಂಜೂರು ಮಾಡೋರ ಮೇಜು ದಾಟಿ ಅದು ಎಲ್ಲೂ ಹೋಗಲ್ಲ."

ಒತ್ತಿದೆ. ಎರಡು ನಿಮಿಷದಲ್ಲಿ ಮಂಜೂರು. ಸೋಮವಾರದಿಂದ ಗುರುವಾರದವರೆಗೆ. ಅವರು ಮೊಬೈಲನ್ನು ಒಂದು ಕ್ಷಣ ನೋಡಿ ಜೇಬಿಗೆ ಹಾಕಿಕೊಂಡರು. ಮನೆಗೆ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ದೇವರು ಮೆಚ್ಚಿರಬೇಕು.

ಉಪದೇಶ ಉಚಿತ, ಪರಿಣಾಮ ಅನಿಶ್ಚಿತ;
ನನ್ನ ಅರ್ಜಿಯೊಂದೇ ಎಂದಿಗೂ ಖಚಿತ.

ಜುಲೈ 22, ಸೋಮವಾರ

ಪ್ಯಾಕಿಂಗ್ ಹಾಲಿನ ಬಾಗಿಲಲ್ಲಿ ಹಾಸಿಗೆಯಷ್ಟು ದೊಡ್ಡ ಟಿವಿ ಪರದೆ ಇದೆ. ದಿನಕ್ಕೆಷ್ಟು ಬಾಟಲಿ, ಎಷ್ಟು ಒಡೆದವು ಅಂತ ಬರುತ್ತದೆ. ಹೊಸ ಮೊಬೈಲ್ ವ್ಯವಸ್ಥೆ ಬಂದ ಮೇಲೆ ರಜೆಯಲ್ಲಿರುವವರ ಪಟ್ಟಿಯೂ ಅದರಲ್ಲೇ ಬರುತ್ತದೆ, ಬದಲಿ ಜನ ಹಾಕಿಕೊಳ್ಳಲು ಅನುಕೂಲವಾಗಲಿ ಅಂತ. ಹೆಸರು, ಎಷ್ಟು ದಿನ, ಕಾರಣ.

ಕಾರಣ.

ನನ್ನ ಕಾಲದಲ್ಲಿ ಅದು ನನ್ನ ಮೇಜಿನ ಡ್ರಾಯರಿನಲ್ಲೇ ಉಳಿಯುತ್ತಿತ್ತು. ಈಗ ನನ್ನ ಮೇಜೇ ಇಲ್ಲವಲ್ಲ. ಅದು ನನಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ಎಂಟಕ್ಕೆ ನಾನು ಬರುವಷ್ಟರಲ್ಲಿ ಪರದೆಯ ಮುಂದೆ ಹತ್ತು ಹನ್ನೆರಡು ಜನ. ಒಬ್ಬ ಓದಿದ, ಬೇರೆಯವರು ನಕ್ಕರು. "ಗುಡುಗಿಗೆ ವಿಶ್ರಾಂತಿಯಂತೆ ಕಣ್ರೋ, ಇನ್ನು ಮಳೆ ಇಲ್ಲ." "ಮನಸ್ಸು ಅಂತ ಒಂದಿತ್ತಾ ಅವರಿಗೆ?" ನನ್ನನ್ನು ಕಂಡವರು ದಾರಿ ಬಿಟ್ಟರು. ನಾನು ಬರೆದ ವಾಕ್ಯ. ಒಂದು ಕಾಗುಣಿತದ ತಪ್ಪೂ ಇಲ್ಲ.

ಜುಲೈ 23, ಮಂಗಳವಾರ

ಹ್ಞೂಂ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಯಾರೂ ದೂರು ಕೊಟ್ಟಿರಲಿಲ್ಲ, ಸುಮ್ಮನಿದ್ದಿದ್ದರೆ ಅವರಿಗೆ ಗೊತ್ತಾಗುತ್ತಲೂ ಇರಲಿಲ್ಲ. ಆದರೆ ಸುಮ್ಮನಿರಲು ಆಗಲಿಲ್ಲ.

ಅವರು ಹ್ಞೂಂ ಅನ್ನಲಿಲ್ಲ. ಕೇಳಿದರು, "ಸ್ವಂತ ಕೆಲಸ ಅಂತ ಅವರೇ ಬರೆದಿದ್ರು. ಅದು ಸುಳ್ಳಾ?"

ಯೋಚಿಸಿದೆ. ಅಲ್ಲ. ಅದಕ್ಕಿಂತ ಸ್ವಂತ ಕೆಲಸ ಇನ್ನೊಂದಿಲ್ಲ.

"ಮತ್ತೆ ಯಾರ ಸಮಾಧಾನಕ್ಕೆ ತಿದ್ದಿದ್ರಿ?"

ನನ್ನದಕ್ಕೇ, ಅಂದೆ. ವರದಿಯಲ್ಲಿ ಇದನ್ನು ಬರೆಯಲೇಬೇಕು, ಸಮಿತಿ ಕೇಳಿಯೇ ಕೇಳುತ್ತದೆ ಅಂದರು. ಬರೆಯಿರಿ ಅಂದೆ.

ಹೋಗಿ ಕ್ಷಮೆ ಕೇಳಲೇ ಅಂದೆ. ಎಲ್ಲಿಗೆ ಅಂದರು. ಹಾಲಿಗೆ ಹೋದರೆ ನೋಡುವವರಿಗೆ ಇನ್ನೊಂದು ನಾಟಕ. ಮನೆಗೆ ಪತ್ರ ಹಾಕಿದರೆ ಮನೆಯವರಿಗೆ ಗೊತ್ತಿಲ್ಲ. ಫೋನು ಮಾಡಿದರೆ ಎತ್ತಲೇಬೇಕೆಂಬ ಬಲವಂತ.

"ಗುರುವಾರ ಮೂರು ಗಂಟೆ ಅವರದ್ದು. ಅದನ್ನ ಬೇರೆ ಯಾರಿಗೂ ಕೊಡ್ಬೇಡಿ. ಬಾಗಿಲು ಅರ್ಧ ತೆರೆದಿಟ್ಟು ಕೂತಿರಿ. ಅವರು ಬಂದ್ರೆ ಇರ್ತೀರಿ, ಬರದಿದ್ರೂ ಇರ್ತೀರಿ."

"ಎಷ್ಟು ವಾರ?"

"ಹ್ಞೂಂ," ಅಂದರು.

ಬೈದಿದ್ದರೆ ಹಗುರವಾಗುತ್ತಿತ್ತು. ಆದರೂ ಆ ಹೊತ್ತಿನಲ್ಲಿ ಅವರು ಎದ್ದುಹೋಗದೆ ಕೂತದ್ದನ್ನು ಮರೆಯಲಾರೆ.

ಜುಲೈ 25, ಗುರುವಾರ

ಮೂರರಿಂದ ನಾಲ್ಕು. ಬರಲಿಲ್ಲ. ರಜೆಯ ಕೊನೆಯ ದಿನ, ಬರುವುದು ಹೇಗೆ. ಆದರೂ ಕೂತಿದ್ದೆ.

ಜುಲೈ 30, ಮಂಗಳವಾರ

ನಿನ್ನೆ ಬೆಳಿಗ್ಗೆ ಮ್ಯಾನೇಜರ ಕೋಣೆಗೆ ಹೋದೆ. ಪರದೆಯಿಂದ ಕಾರಣದ ಸಾಲು ತೆಗೆಯಬೇಕು ಅಂದೆ.

"ಯಾರ ವಿಷಯ ಮೇಡಂ ಇದು?" ಗೊತ್ತಿದ್ದೇ ಕೇಳಿದರು.

"ಯಾರದ್ದೂ ಅಲ್ಲ ಸಾರ್. ಆ ಸಾಲಿನ ವಿಷಯ."

ಕುರ್ಚಿಗೆ ಒರಗಿ ನಕ್ಕರು. "ಇಪ್ಪತ್ತೆರಡು ವರ್ಷ ಕಾರಣ ಕಾರಣ ಅಂತ ನಮ್ಮೆಲ್ಲರ ಪ್ರಾಣ ತಿಂದೋರು ನೀವೇ ಅಲ್ವಾ? ನನ್ನ ಮದುವೆ ರಜೆಗೇ ಲಗ್ನಪತ್ರಿಕೆ ಕೇಳಿದ್ರಿ."

"ಕೇಳಿದ್ದೆ ಸಾರ್. ತಪ್ಪು ಮಾಡಿದೆ."

ಅವರ ನಗು ನಿಂತಿತು. ವ್ಯವಸ್ಥೆ ಮಾಡಿಕೊಟ್ಟ ಕಂಪನಿಗೆ ಹೇಳಬೇಕು, ಅವರು ಒಪ್ಪಬೇಕು, ನೋಡೋಣ ಅಂದರು. ನೋಡೋಣ ಎನ್ನುವುದು ಏನೆಂದು ನನಗೆ ಗೊತ್ತು, ನಾನೇ ಎಷ್ಟು ಜನಕ್ಕೆ ಅಂದಿಲ್ಲ. ಹೊರಗಿನ ಬೆಂಚಿನಲ್ಲಿ ಕೂತೆ. ಊಟಕ್ಕೆ ಹೋಗಿ ಬಂದು ಕೂತೆ. ಇಂದು ಮತ್ತೆ ಹೋಗಿ ಕೂತೆ. ನಾಲ್ಕು ಗಂಟೆಗೆ ಅವರೇ ಹೊರಗೆ ಬಂದು, "ಏಳಿ ಮಹಾತಾಯಿ, ತೆಗೆಸಿದ್ದೀನಿ. ಇನ್ಮೇಲೆ ರಜೆ ಅಂತ ಒತ್ತಿದ್ರೆ ರಜೆ. ಕಾರಣ ಕೇಳೋರೇ ಇಲ್ಲ," ಅಂದರು.

ಹೋಗಿ ಪರದೆ ನೋಡಿದೆ. ಹೆಸರು, ಎಷ್ಟು ದಿನ. ಮುಂದೆ ಖಾಲಿ. ಕಣ್ಣಿಗೆ ತಂಪಾಗಿತ್ತು. ಮ್ಯಾನೇಜರಿಗೆ ಕೈ ಮುಗಿಯಲು ಮರೆತೆ. ನಾಳೆ ಮುಗಿಯಬೇಕು.

ಆಗಸ್ಟ್ 1, ಗುರುವಾರ

ಬರಲಿಲ್ಲ. ಮೂರೂಕಾಲಿಗೆ ಹೆಜ್ಜೆ ಸದ್ದು ಕೇಳಿತು. ಪಕ್ಕದ ಕೋಣೆಗೆ, ಬೆರಳಿಗೆ ಗಾಜು ಚುಚ್ಚಿಕೊಂಡವರು.

ಆಗಸ್ಟ್ 8, ಗುರುವಾರ

ಕ್ಯಾಂಟೀನಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ನನ್ನ ಮುಂದೆ ಒಬ್ಬರನ್ನು ಬಿಟ್ಟು ಗುಡುಗು. ಹಿಂದೆ ತಿರುಗಿದರು, ನನ್ನನ್ನು ನೋಡಿದರು. ಮುಖ ಇಳಿದಿದೆ. ಮೈಕನ್ನು ಈಗ ಅವರ ಕೈಕೆಳಗಿನವನು ಹಿಡಿಯುತ್ತಾನೆ ಅಂತ ಕೇಳಿದ್ದೇನೆ.

ನಾಲಗೆಯ ತುದಿಗೆ ಬಂದಿತ್ತು. ಇಷ್ಟಕ್ಕೂ ನಾನು ಕಂಬವನ್ನೂ ಮಾತಾಡಿಸುವವಳು. ಅವರು ನಗಲಿಲ್ಲ. ನಾನು ತಟ್ಟೆ ನೋಡಿದೆ. ಸಾಲು ಮುಂದೆ ಸರಿಯಿತು.

ಮೂರು ಗಂಟೆಗೆ ಬರಲಿಲ್ಲ.

ಆಗಸ್ಟ್ 18, ಭಾನುವಾರ

ಇಂದು ಅತ್ತೆ ಮತ್ತು ನಾನು ಬೆಳ್ಳುಳ್ಳಿ ಸುಲಿಯಲು ಕೂತೆವು. ಕಾಲು ಕೆಜಿ, ಉಪ್ಪಿನಕಾಯಿಗೆ. ಅತ್ತೆ ಒಂದು ಗೆಡ್ಡೆ ಬಿಡಿಸುತ್ತ, ಮದುವೆಗೆ ಮುಂಚಿನಿಂದಲೂ ತಾವು ಹೊಲಿಗೆ ಶಾಲೆಯಲ್ಲಿ ಕಲಿಸುತ್ತಿದ್ದುದನ್ನು ಹೇಳಿದರು. ನನಗೆ ಗೊತ್ತೇ ಇರಲಿಲ್ಲ. ಹನ್ನೊಂದು ಜನ ಹುಡುಗಿಯರಂತೆ. ಅತ್ತೆ ಕತ್ತರಿ ಹಿಡಿದರೆ ಅವರೆಲ್ಲ ಅತ್ತೆಯ ಬೆರಳನ್ನೇ ನೋಡುತ್ತಿದ್ದರಂತೆ.

"ನಿಮ್ಮ ಮಾವನಿಗೆ ಇಷ್ಟ ಇರ್ಲಿಲ್ಲ. ಬಿಡು ಅಂದ್ರು, ಬಿಟ್ಟೆ. ಕೊನೇ ದಿನ ಹೋಗಿ ಹೇಳಿ ಬರೋಕೂ ಬಿಡ್ಲಿಲ್ಲ. ಆ ಹುಡುಗೀರು ನಾನು ಬರ್ತೀನಿ ಅಂತ ಬಟ್ಟೆಗೆ ಗುರುತು ಹಾಕಿ ಕಾಯ್ತಾ ಇದ್ರೇನೋ."

ಇನ್ನೊಂದು ಗೆಡ್ಡೆ ತೆಗೆದುಕೊಂಡು, "ಐವತ್ತೆರಡು ವರ್ಷ ಆಯ್ತು. ಯಾರಿಗೂ ಹೇಳಿರ್ಲಿಲ್ಲ, ಯಾರು ಕೇಳ್ತಾರೆ," ಅಂದರು. ಆಮೇಲೆ ಇನ್ನೂ ಎಷ್ಟೋ ಹೇಳಿದರು.

ಕಾಲು ಕೆಜಿ ಸುಲಿಯಲು ಒಂದೂವರೆ ಗಂಟೆ ಹಿಡಿಯಿತು. ಎಳೆ ಬೆಳ್ಳುಳ್ಳಿ ಇರಬೇಕು, ಸಿಪ್ಪೆ ಬಿಡುವುದಿಲ್ಲ. ಅಡುಗೆ ತಡವಾಯಿತು. ಯಜಮಾನರು ಗೊಣಗಲಿಲ್ಲ.

ಆಗಸ್ಟ್ 22, ಗುರುವಾರ

ಒಂದೂವರೆ ತಿಂಗಳ ಮೇಲೆ ಈಗ ಜನ ಬರುತ್ತಿದ್ದಾರೆ, ಒಬ್ಬೊಬ್ಬರಾಗಿ. ಕಾರಣದ ಸಾಲು ಹೋದ ಮೇಲೆ ಶುರುವಾದದ್ದು. ಇಂದು ಲೆಕ್ಕ ವಿಭಾಗದ ಹೆಣ್ಣುಮಗಳೊಬ್ಬಳು ಬಂದು, ಗುರುವಾರ ಮೂರಕ್ಕೆ ಮಾತ್ರ ತನಗೆ ಬಿಡುವು, ವಾರವಾರ ಬರಲೇ ಎಂದಳು. ನನಗೆ ಇನ್ನೂ ಹದಿನೈದು ಗಂಟೆ ಬೇಕು, ಸಮಿತಿಗೆ ಉಳಿದಿರುವುದು ಒಂದೇ ತಿಂಗಳು. ಖಾಲಿ ಕೂತ ಗಂಟೆ ಲೆಕ್ಕಕ್ಕಿಲ್ಲ.

ಆ ಹೊತ್ತು ಬೇರೆಯವರದು ಅಂದೆ. ಬೆಳಿಗ್ಗೆ ಏಳಕ್ಕೆ, ಶಿಫ್ಟಿಗೆ ಮುಂಚೆ ಆದೀತೇ ಎಂದು ಕೇಳಿದೆ. ಹದಿನೈದು ದಿನಕ್ಕೊಮ್ಮೆಯಾದರೆ ಬರುತ್ತೇನೆ ಎಂದಳು. ಏಳಕ್ಕೆ ಬರಬೇಕೆಂದರೆ ನಾನು ಐದೂವರೆಗೆ ಏಳಬೇಕು. ಡಬ್ಬಿ ತಾವೇ ಕಟ್ಟುವುದಾಗಿ ಯಜಮಾನರು ಹೇಳಿದ್ದಾರೆ. ಮಿಕ್ಸಿ ಮುಟ್ಟದೆ.

ಅವಳು ಹೋದ ಮೇಲೆ ಮೂರಾಯಿತು. ಬರಲಿಲ್ಲ.

ಸೆಪ್ಟೆಂಬರ್ 5, ಗುರುವಾರ

ಬರಲಿಲ್ಲ. ಏಳನೇ ವಾರ. ಪರದೆ ಹಾಕಿಸಬೇಕೆಂದಿದ್ದ ಕಿಟಕಿ ಹಾಗೇ ಇದೆ. ಒಡೆದ ಗಾಜಿನ ರಾಶಿಯನ್ನು ನೋಡುತ್ತ ಕೂತಿದ್ದೆ. ಬಿಸಿಲಿಗೆ ಅದು ಮೂರೂವರೆಗೆ ಹಸಿರು ಹೊಳೆಯುತ್ತದೆ, ಮೂರೂಮುಕ್ಕಾಲಿಗೆ ಕಂದು. ಒಂದು ಗಂಟೆ ಕಳೆದದ್ದು ಗೊತ್ತಾಗಲಿಲ್ಲ.

ಸೆಪ್ಟೆಂಬರ್ 23, ಸೋಮವಾರ

ಸಮಿತಿ. ಉದ್ದ ಮೇಜು, ಮೂವರು, ನೀರಿನ ಲೋಟಕ್ಕೆ ಮುಚ್ಚಳ. ಪೇದೆ ಅಣ್ಣ ನನಗಿಂತ ಮುಂಚೆ ಒಳಗೆ ಹೋಗಿ, ಬೆವರು ಒರೆಸಿಕೊಂಡು ಹೊರಗೆ ಬಂದರು. "ಒಳಗೆ ಏನು ಕೇಳ್ತಾರೆ?" ಅಂದೆ. "ಏನೂ ಕೇಳಲ್ಲ ತಂಗಿ, ಸುಮ್ನೆ ನೋಡ್ತಾರೆ. ನಾನೇ ಎಲ್ಲಾ ಒಪ್ಕೊಂಡೆ," ಅಂದರು. ಪಾಸಾಗಿದ್ದಾರೆ.

ನನ್ನ ವರದಿ ಅವರ ಮುಂದಿತ್ತು. ನಡುವೆ ಕೂತಿದ್ದವರು ಕನ್ನಡಕ ಸರಿಮಾಡಿಕೊಂಡು, "ಈ ತಪ್ಪಿನ ವಿಷಯ ದೂರು ಕೊಟ್ಟವರು ಯಾರು?" ಅಂದರು.

"ಯಾರೂ ಇಲ್ಲ ಸಾರ್. ನಾನೇ ಹೇಳಿದ್ದು."

"ನಲವತ್ತು ಗಂಟೆ ಬೇಕು. ಮೂವತ್ತನಾಲ್ಕಿದೆ. ಒಂಬತ್ತು ಗುರುವಾರ ಒಂದೇ ಹೊತ್ತು ಖಾಲಿ ಬಿಟ್ಟಿದ್ದೀರಿ. ಬೇರೆಯವರಿಗೆ ಕೊಟ್ಟಿದ್ರೆ ತುಂಬ್ತಿತ್ತು."

"ತುಂಬ್ತಿತ್ತು."

"ಮತ್ತೆ?"

"ಖಾಲಿ ಇರಲಿಲ್ಲ ಸಾರ್. ಅವರು ಬಂದಿರಲಿಲ್ಲ, ಅಷ್ಟೆ."

ಇನ್ನೊಬ್ಬರು ಕೇಳಿದರು, ಅವರು ಎಂದೂ ಬರದಿದ್ದರೆ? ಗೊತ್ತಿಲ್ಲ ಅಂದೆ. ಅವರು ಪ್ರಶ್ನೆ ಮುಂದುವರಿಸುತ್ತಾರೇನೋ ಅಂತ ಕಾದೆ. ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಹೊರಗೆ ಯಾರೋ ಕುರ್ಚಿ ಎಳೆದ ಸದ್ದು ಕೇಳಿಸಿತು.

ತೀರ್ಪು: ಪಾಸೂ ಅಲ್ಲ, ಫೇಲೂ ಅಲ್ಲ. ಇನ್ನು ಆರು ಗಂಟೆ ಪೂರೈಸಿ ತೋರಿಸಬೇಕು. ಒಂದು ವರ್ಷ ಹ್ಞೂಂ ಮೇಡಂ ಕೆಳಗೆ ಕೆಲಸ ಮಾಡಬೇಕು. ಅಲ್ಲಿಯವರೆಗೆ ಕೋಣೆ ನನ್ನದೇ. ಒಂದು ವರ್ಷ ಅವರ ಜೊತೆ ಇರಬೇಕೆಂಬುದನ್ನು ಶಿಕ್ಷೆ ಅಂತ ಹೇಳಿದರು. ಸಂತೋಷ ಮುಖದಲ್ಲಿ ಕಾಣದ ಹಾಗೆ ಹೊರಗೆ ಬಂದೆ.

ಹ್ಞೂಂ ಮೇಡಂ ಮೆಟ್ಟಿಲ ಹತ್ತಿರ ನಿಂತಿದ್ದರು. ಅವರ ಕೈ ಹಿಡಿದುಕೊಂಡೆ. ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದೆವು. ಅವರ ಮಗಳು ಅವರ ಜೊತೆ ಮಾತಾಡಿ ಮೂರು ವರ್ಷವಾಯಿತಂತೆ. ದಾರಿಯುದ್ದಕ್ಕೂ ಅದನ್ನೇ ಹೇಳಿದರು.

ಸೆಪ್ಟೆಂಬರ್ 26, ಗುರುವಾರ

ಮೂರು ಗಂಟೆ ಐದು ನಿಮಿಷಕ್ಕೆ ಬಾಗಿಲಲ್ಲಿ ನೆರಳು.

"ಈ ಹೊತ್ತು ಯಾರಿಗಾದ್ರೂ ಕೊಟ್ಟಿದ್ದೀರಾ ಮೇಡಂ?"

"ಇಲ್ಲ. ನಿಮ್ಮದೇ."

ಒಳಗೆ ಬಂದರು. ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತರು.

"ಪೆಟ್ಟಿಗೆ ಜೋಡಿಸೋ ಕಡೆಯಿಂದ ಈ ಬಾಗಿಲು ಕಾಣತ್ತೆ. ಪ್ರತಿ ಗುರುವಾರ ನೋಡ್ತಿದ್ದೆ. ಮೂರಕ್ಕೆ ಅರ್ಧ ತೆಗೀತೀರಿ, ನಾಲ್ಕಕ್ಕೆ ಮುಚ್ತೀರಿ. ಒಂದು ವಾರಕ್ಕೆ ಬಿಡ್ತಾರೆ, ಎರಡು ವಾರಕ್ಕೆ ಬಿಡ್ತಾರೆ ಅಂದ್ಕೊಂಡೆ."

ಬಾಗಿಲ ಕಡೆ ಒಮ್ಮೆ ನೋಡಿ ನನ್ನ ಕಡೆ ತಿರುಗಿದರು.

"ನಿಮ್ಮ ಮೇಲೆ ನನಗೆ ಸಿಟ್ಟಿದೆ."

"ಹ್ಞೂಂ," ಅಂದೆ.

"ತುಂಬಾ ಸಿಟ್ಟಿದೆ. ಹದಿನಾರು ವರ್ಷ ಸಂಪಾದಿಸಿದ ಮರ್ಯಾದೆ, ಒಂದೇ ಬೆಳಿಗ್ಗೆ."

"ಹ್ಞೂಂ."

ಒಂಬತ್ತು ವಾರದಿಂದ ಕ್ಷಮೆಯ ಮಾತನ್ನು ಜೋಡಿಸಿಟ್ಟುಕೊಂಡಿದ್ದೆ. ಒಂದು ಪುಟಕ್ಕೆ ಕಡಿಮೆಯಿಲ್ಲ. ಅವರ ಮುಖ ನೋಡಿದ ಮೇಲೆ ಅದು ನನಗೆ ಬೇಕಾದದ್ದು ಅನ್ನಿಸಿತು, ಅವರಿಗಲ್ಲ. "ನಿಮ್ಮದನ್ನ ನಿಮ್ಮ ಕೈಯಿಂದ ಕಿತ್ಕೊಂಡು ಬರೆದೆ. ತಪ್ಪು ನನ್ನದು," ಎಂದಷ್ಟೇ ಹೇಳಿದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ಅಂಚಿನಲ್ಲಲ್ಲ, ಬೆನ್ನು ಒರಗಿಸಿ. ಟೊಪ್ಪಿಯನ್ನು ಪಕ್ಕಕ್ಕಿಟ್ಟರು. ಒಂದು ಸಲ ಗಂಟಲು ಸರಿಮಾಡಿಕೊಂಡು ಮಾತಾಡತೊಡಗಿದರು.

ನಾಲ್ಕೂಕಾಲಿನವರೆಗೆ ಮಾತಾಡಿದರು. ಏನೆಂಬುದು ಅವರದು, ಇಲ್ಲಿ ಬರೆಯುವುದಿಲ್ಲ.